ಬೊಡ್ಡೆಯ ಮೇಲೆ ಎಳೆದ ಮಣ್ಣು

ಕಳೆದ ಗುರುವಾರ ಬೆಳಿಗ್ಗೆ, ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಗೆ ಹತ್ತಿರದ ಒಂದು ಗುಡ್ಡದ ತಪ್ಪಲಿನಲ್ಲಿ, ಸರ್ಕಾರಿ ಅರಣ್ಯ ನಿಗಮದ ನೆಡುತೋಪಿನ ಕಡಿತ ಆರಂಭವಾಯಿತು. ಕಡಿಯುತ್ತಿರುವುದು ನೀಲಗಿರಿ. ಅಲ್ಲಿ ಇರಬೇಕಾಗಿದ್ದುದು ಹುಣಸೆ.

ಪತ್ರಿಕೆಗಾದರೆ ಇಷ್ಟು ಸಾಕು. ಮೂಲೆಯಲ್ಲಿ ಜಾಗ ಉಳಿದಿದ್ದರೆ ಹಾಕುತ್ತಾರೆ, ಜಾಹೀರಾತು ಬಂದರೆ ಇದೂ ಇಲ್ಲ. ಆದರೆ ಅಂದು ಮಧ್ಯಾಹ್ನ ಅರಸೀಕೆರೆ ಬಸ್ ನಿಲ್ದಾಣದ ಎದುರು ನಾನು ಕಾಫಿ ಕುಡಿಯುತ್ತಿದ್ದಾಗ ದಿಮ್ಮಿ ತುಂಬಿದ ಲಾರಿಯೊಂದು ಬಂದು ನಿಂತಿತು. ಹಸಿ ನೀಲಗಿರಿಯ ವಾಸನೆ ಕಾಫಿಯ ವಾಸನೆಯನ್ನು ಮುಚ್ಚಿಹಾಕಿತು. ನಿಮಗೂ ಗೊತ್ತಿರುವ ವಾಸನೆಯೇ. ನೆಗಡಿ ಬಂದಾಗ ಬಿಸಿನೀರಿಗೆ ಎರಡು ಹನಿ ಎಣ್ಣೆ ಬಿಟ್ಟು, ತಲೆಯ ಮೇಲೆ ಕಂಬಳಿ ಹೊದಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಮ್ಮನ್ನು ಕೂರಿಸುತ್ತಿದ್ದರಲ್ಲ, ಅದು. ಎಲ್ಲರಿಗೂ ಅದರಿಂದ ಮೂಗು ಬಿಡುತ್ತದೆ. ನನಗೆ ಈಗೀಗ ಕಟ್ಟುತ್ತದೆ. ಅದಕ್ಕೆ ಕಾರಣ ಶಿವಲಿಂಗಯ್ಯನವರು.

ಅವರು ನಿಗಮದ ವ್ಯವಸ್ಥಾಪಕರಾಗಿದ್ದರು. ಹಳೇಬೀಡಿನ ಕಡೆಯವರು, ತೆಂಗಿನ ತೋಟದ ಮನೆತನ. ಮಾತನಾಡುತ್ತಾ ನಿಂತರೆ ಪಕ್ಕದ ಮರವನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿರುತ್ತಿದ್ದರು. ವರದಿಗಾರಿಕೆಗೆ ಹೊಸಬನಾಗಿದ್ದ ನಾನು ಮೊದಲ ಭೇಟಿಯಲ್ಲೇ ನಿಗಮದ ಧ್ಯೇಯವೇನೆಂದು ಕೇಳಿದ್ದೆ. ಅಂಥ ಪ್ರಶ್ನೆ ಕೇಳಲು ಆಗ ನಾಚಿಕೆಯಾಗುತ್ತಿರಲಿಲ್ಲ. ಲಾಭವನ್ನೂ ಮಾಡಬೇಕು, ಜನಕ್ಕೆ ಅನುಕೂಲವೂ ಆಗಬೇಕು, ಬರೆದಿರುವುದು ಹಾಗೆ ಎಂದರು. ಆಮೇಲೆ ನನ್ನ ಪೆನ್ನು ಕೆಳಗಿಳಿಯುವವರೆಗೆ ಕಾದು ಹೇಳಿದರು: "ಒಂದೆತ್ತು ಪೇಪರ್ ಮಿಲ್ ಕಡೆ ಎಳೀತದೆ, ಇನ್ನೊಂದು ಊರ ಕಡೆ. ಗಾಡಿ ನಾನು ಕಣ್ರೀ."

ನೀಲಗಿರಿಯ ವ್ಯಾಪಾರ ಸರಳ. ಒಮ್ಮೆ ನೆಟ್ಟರೆ ಮುಗಿಯಿತು. ಕಡಿದ ಮೇಲೆ ಉಳಿದ ಬೊಡ್ಡೆ ತಾನೇ ಚಿಗುರುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕಡಿತಕ್ಕೆ ಬರುತ್ತದೆ. ಜನರ ಅನುಕೂಲದ ಲೆಕ್ಕಕ್ಕೆ ಬರುವುದು ಉದುರಿದ ಸೊಪ್ಪು, ಒಣಗಿದ ಕಡ್ಡಿ. ಮುಂದೆ ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿತು. ಹಳೆಯ ಬೊಡ್ಡೆ ಚಿಗುರಿದರೆ ಏನು ಮಾಡಬೇಕೆಂದು ನಾನು ಕೇಳಿದಾಗ ಒಬ್ಬೊಬ್ಬ ಅಧಿಕಾರಿ ಒಂದೊಂದು ಉತ್ತರ ಕೊಟ್ಟರು. ಶಿವಲಿಂಗಯ್ಯನವರ ಉತ್ತರ ಒಂದೇ. ಬೊಡ್ಡೆ ಕೀಳಬೇಕು, ಹುಣಸೆ ಇಡಬೇಕು. ಹಣ್ಣಿನ ಹರಾಜು ನಿಗಮಕ್ಕೆ, ಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ಊರಿನ ಹೆಂಗಸರಿಗೆ. ನಿವೃತ್ತಿಗೆ ಮುಂಚೆ ಒಂದೇ ಒಂದು ತೋಪಿನಲ್ಲಾದರೂ ಎರಡೆತ್ತನ್ನೂ ಒಂದೇ ಕಡೆ ನಡೆಸಿ ತೋರಿಸಬೇಕೆಂಬುದು ಅವರ ಹಟ. ಬೇರೆ ಆಸೆಗಳನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಹುಣಸೆಯ ಮಾತು ತೆಗೆದವರು ತೋಪಿನ ಪಕ್ಕದ ಊರಿನ ಮಹಿಳಾ ಸಂಘದ ಪುಟ್ಟಮ್ಮ. ರಸ್ತೆ ಅಗಲ ಮಾಡುವಾಗ ಹುಣಸೆಯ ಸಾಲುಮರಗಳು ಹೋಗಿದ್ದವು, ಅವುಗಳ ಜೊತೆ ಹೆಂಗಸರ ಬೇಸಿಗೆಯ ಕೆಲಸವೂ ಹೋಗಿತ್ತು. ಶಿವಲಿಂಗಯ್ಯನವರನ್ನು ತೋಪಿನ ಬದಿಯಲ್ಲಿ ತಡೆದು ನಿಲ್ಲಿಸಿ, ಈ ಮರದ ಕೆಳಗೆ ಹುಲ್ಲು ಹುಟ್ಟಲ್ಲ, ಮೇಲೆ ಹಕ್ಕಿ ಕೂರಲ್ಲ, ಇದನ್ನು ಸಾಕಿ ನಿಮಗೇನು ಪುಣ್ಯ ಎಂದು ಕೇಳಿದ್ದರಂತೆ. ಆ ಮಾತನ್ನು ಶಿವಲಿಂಗಯ್ಯನವರು ನನಗೆ ಹೇಳುವಾಗ ಬಹುಮಾನ ಬಂದವರ ಹಾಗೆ ನಗುತ್ತಿದ್ದರು.

ಆ ತೋಪಿನ ಸರದಿಯ ಕಡಿತ ಮುಗಿದ ಮೇಲೆ, ಬೊಡ್ಡೆ ಕೀಳಿಸಲು ಕೇಂದ್ರ ಕಚೇರಿ ಹಣ ಕೊಡಲಿಲ್ಲ. ಶಿವಲಿಂಗಯ್ಯನವರು ಊರಿನೊಂದಿಗೆ ಒಪ್ಪಂದ ಮಾಡಿಕೊಂಡರು. ಬೊಡ್ಡೆ ಅಗೆದವರಿಗೇ ಸೌದೆ. ಬಿದ್ದ ಗುಂಡಿ ನಿಗಮಕ್ಕೆ. ಊರಿನವರು ಸಂತೋಷದಿಂದ ಒಪ್ಪಿದರು. ಮನೆಗೊಂದು ಸಾಲು ಹಂಚಿಕೊಂಡು, ಊರೊಟ್ಟಿನ ಕೆಲಸವೆಂದು ಗುದ್ದಲಿ, ಕೊಡಲಿ ಹಿಡಿದು ಇಳಿದರು. ಅಡುಗೆ ಅಲ್ಲೇ ಆಯಿತು. ನಾನೂ ಮುದ್ದೆ ಉಂಡೆ. ಕೆಲಸ ಹೇಳಿದ್ದಕ್ಕಿಂತ ಮುಂಚೆಯೇ ಮುಗಿಯಿತು. ನೆಲ ಹಜಾರದಂತೆ ಸಮನಾಗಿತ್ತು. ತೆಂಗಿನ ಬೊಡ್ಡೆ ತೆಗೆದ ಹಾಗೆಯೇ ತೆಗೆದಿದ್ದೇವೆ ಎಂದು ಊರಿನ ಹಿರಿಯರು ಹೆಮ್ಮೆಯಿಂದ ಹೇಳಿದರು. ಶಿವಲಿಂಗಯ್ಯನವರೂ ತೆಂಗಿನ ತೋಟದಲ್ಲಿ ಬೆಳೆದವರಲ್ಲವೇ, ಒಳ್ಳೆಯದಾಯಿತು ಎಂದು ತಲೆಯಾಡಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಡೆ ಮುದಿ ತೆಂಗಿನ ಮರ ಕಡಿದರೆ ಯಾರೂ ಬೇರು ಕೀಳಲು ಹೋಗುವುದಿಲ್ಲ. ನೆಲದ ಮಟ್ಟಕ್ಕೆ ಕಡಿದು, ಮೇಲೆ ಮಣ್ಣೆಳೆದು ಬಿಡುತ್ತಾರೆ. ಒಂದೆರಡು ಮಳೆಗಾಲಕ್ಕೆ ಬುಡ ಕೊಳೆತು ಗೊಬ್ಬರವಾಗುತ್ತದೆ. ತಲೆಮಾರುಗಳಿಂದ ಕೈಗೆ ಬಂದ ಕೆಲಸ. ತಲೆ ಹೋದ ತೆಂಗು ಮತ್ತೆ ಚಿಗುರಿದ್ದನ್ನು ಅವರು ಕಂಡಿಲ್ಲ. ನೀಲಗಿರಿಗೂ ಅದನ್ನೇ ಮಾಡಿದ್ದರು. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ. ಸಾಲುಗಳ ನಡುವೆ ಹುಣಸೆ ಸಸಿ ನೆಟ್ಟರು. ಪುಟ್ಟಮ್ಮ ಮೊದಲ ಸಸಿಗೆ ಅರಿಸಿನ ಕುಂಕುಮ ಇಟ್ಟರು.

ಮುಂಗಾರು ಬಂತು. ಶಿವಲಿಂಗಯ್ಯನವರು ನನ್ನನ್ನು ಕರೆದೊಯ್ದದ್ದು ಹುಣಸೆ ತೋರಿಸಲಿಕ್ಕೆ. ಜೀಪಿನಿಂದ ಇಳಿದೆವು. ಸಾಲಿಗೆ ಸಾಲು, ಹಳೆಯ ಜಾಗಗಳಲ್ಲೇ, ಮಣ್ಣು ಸೀಳಿಕೊಂಡು ಕೆಂಪು ಚಿಗುರುಗಳ ಗೊಂಚಲು ಎದ್ದಿದ್ದವು. ಅವರು ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಮಣ್ಣು ಸರಿಸಿದರು. ಕೆಳಗೆ ಬೊಡ್ಡೆ ಹಾಗೇ ಇತ್ತು. ಎದ್ದು ಕೈ ಒರೆಸಿಕೊಂಡರು. ಆ ದಿನ ಯಾವ ಮರವನ್ನೂ ತಟ್ಟಲಿಲ್ಲ.

ಬಿಡುವ ಮನುಷ್ಯರಲ್ಲ ಅವರು. ಚಿಗುರು ಬಂದ ಹಾಗೆ ಸವರುತ್ತಿದ್ದರೆ ಬೊಡ್ಡೆ ಸೋತು ಸಾಯುತ್ತದೆ ಎಂದರು. ಊರಿನವರು ಒಂದು ಸಲ ಬಂದು ಸವರಿಕೊಟ್ಟರು. ಎರಡನೆಯ ಸಲ ಅರ್ಧ ಮನೆಯವರು ಬಂದರು. ಆಮೇಲೆ ಯಾರೂ ಬರಲಿಲ್ಲ. ಕೂಲಿಗೆಂದು ಕೇಂದ್ರ ಕಚೇರಿಗೆ ಕೇಳಿದರೆ, ಆದಾಯ ಬರುವುದನ್ನು ಕಡಿಯಲು ಯಾರು ದುಡ್ಡು ಕೊಡುತ್ತಾರೆ ಎಂದರಂತೆ. ಅಷ್ಟರಲ್ಲಿ ಚಿಗುರು ಗಳವಾಗಿತ್ತು. ಆ ವರ್ಷ ಊರಿನಲ್ಲಿ ಬಹಳ ಮಂದಿ ಟೊಮೆಟೊ ಹಾಕಿದ್ದರು. ಗಿಡಕ್ಕೆ ಊರುಗೋಲು ಬೇಕಿತ್ತು. ಶಿವಲಿಂಗಯ್ಯನವರು ಪುಟ್ಟಮ್ಮನ ಮನೆಗೇ ಹೋದರು, ನಾನೂ ಜೊತೆಗಿದ್ದೆ. ಆಕೆ ಮಣೆ ಹಾಕಿ, ಮಜ್ಜಿಗೆ ಕೊಟ್ಟು, ಮೆಲ್ಲಗೆ ಹೇಳಿದರು.

"ಹುಣಸೆ ಹಣ್ಣು ಬಿಡೋಕೆ ಹತ್ತು ವರ್ಸ ಬೇಕು ಸಾರ್. ಗಳ ಈಗ್ಲೇ ಐತೆ. ಈಗ ಬೇಕಾಗಿರೋದನ್ನ ಕಡ್ದು ಬಿಸಾಕು ಅಂದ್ರೆ ಯಾರು ಬತ್ತಾರೆ?"

"ಹುಣಸೆ ಬೇಕು ಅಂದೋರು ನೀವೇ ಅಲ್ವೇನಮ್ಮಾ?"

"ನಾನೇ ಅಂದಿದ್ದು. ಈಗ್ಲೂ ಬೇಕು. ಇದ್ರ ಜೊತೇಲೇ ಬೆಳೀಲಿ ಬಿಡಿ."

ನೀಲಗಿರಿಯ ನೆರಳಿನಲ್ಲಿ ಹುಣಸೆ ಏಳುವುದಿಲ್ಲ ಎಂಬುದು ಶಿವಲಿಂಗಯ್ಯನವರಿಗೆ ಗೊತ್ತಿತ್ತು. ಮಜ್ಜಿಗೆ ಮುಗಿಸಿ ಎದ್ದರು.

ವಾಪಸಾಗುವಾಗ ದಾರಿ ತಪ್ಪಿದವರಂತೆ ಜೀಪನ್ನು ಹಳೇಬೀಡಿನವರೆಗೂ ಓಡಿಸಿದರು. ದೇವಸ್ಥಾನದ ಹೊರಗೋಡೆಯಲ್ಲಿ ಒಂದು ಕೊಳಲೂದುವ ಕೃಷ್ಣನಿದ್ದಾನೆ, ತಲೆಯ ಮೇಲೆ ಹಣ್ಣು ತುಂಬಿದ ಮರ. ಅದರ ಎದುರು ಬಹಳ ಹೊತ್ತು ನಿಂತರು. "ನೋಡ್ರೀ, ಎಷ್ಟು ಚೆನ್ನಾಗಿ ಹಣ್ಣು ಬಿಟ್ಟಿದೆ," ಎಂದರು. "ಇವನಿಗೆ ಟಾರ್ಗೆಟ್ ಇರಲಿಲ್ಲ." ನಾನು ನಕ್ಕೆ. ಅವರು ನಗಲಿಲ್ಲ.

ಮರುವರ್ಷ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಖರ್ಚಿಲ್ಲದೆ ಎದ್ದು ನಿಂತ ಬೆಳೆ ನೋಡಿ ಖುಷಿಪಟ್ಟರು. ಊರಿನವರನ್ನು ಕೇಳಿದರು, ಗಳ ಸಿಗುತ್ತಿದೆ, ಅನುಕೂಲವಾಗಿದೆ ಎಂದು ಊರಿನವರು ನಿಜವನ್ನೇ ಹೇಳಿದರು. ವಾಣಿಜ್ಯವೂ ಆಯಿತು, ಸಾರ್ವಜನಿಕ ಹಿತವೂ ಆಯಿತು, ಬೇರೆ ತೋಪುಗಳಲ್ಲೂ ಹೀಗೇ ಮಾಡಬಹುದು ಎಂದು ಶಿವಲಿಂಗಯ್ಯನವರ ಬೆನ್ನು ತಟ್ಟಿದರು. ಆ ಹೊತ್ತಿನಲ್ಲಿ ಅವರ ಮುಖವನ್ನು ವರ್ಣಿಸಬೇಕೆಂದು ನನಗೆ ಅನ್ನಿಸಿತು. ನಮ್ಮ ಸುದ್ದಿಮನೆಯಲ್ಲಿ ಮುಖಗಳನ್ನು ವರ್ಣಿಸುವ ಪದ್ಧತಿಯಿಲ್ಲ. ಎರಡೆತ್ತೂ ಒಂದೇ ಕಡೆಗೆ ನಡೆದಿದ್ದವು, ಅವರು ಹೋಗಬೇಕೆಂದಿದ್ದ ಕಡೆಗಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದು ನಾನು ಇಷ್ಟು ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ. ಒಬ್ಬ ಖಳನಾದರೂ ಸಿಕ್ಕಿದ್ದರೆ ಈ ಕತೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಅವರು ನಿವೃತ್ತರಾಗಿ ಈಗ ಬೇಲೂರಿನಲ್ಲಿದ್ದಾರೆ. ಕಡಿತದ ವಿಷಯ ಬೇರೆಯವರಿಂದ ಗೊತ್ತಾಗುವುದು ಬೇಡವೆಂದು ಶುಕ್ರವಾರ ನಾನೇ ಹೋದೆ. ಅದಕ್ಕೆ ಮೊದಲು ತೋಪಿಗೆ ಹೋಗಿ ನೋಡಿದ್ದೆ. ನೋಡದೆ ಹೇಳುವ ಅಭ್ಯಾಸ ನನಗಿಲ್ಲ. ಜಗಲಿಯಲ್ಲಿ ಕುಳಿತಿದ್ದವರು ಪೂರ್ತಿ ಕೇಳಿಸಿಕೊಂಡರು.

"ಹುಣಸೆ ಏನಾದ್ರೂ ಉಳ್ಕೊಂಡಿದ್ದಾವಾ?"

ರಸ್ತೆಯ ಕಡೆ, ಬಿಸಿಲು ಬೀಳುವಲ್ಲಿ, ಕೆಲವು ಇದ್ದವು, ಮೊಳಕಾಲೆತ್ತರ ಎಂದೆ. ಇದ್ದವು ಅಂದರೇನು ಎಂದು ಕೇಳಿದರು. ಲಾರಿಗೆ ದಾರಿ ಮಾಡಿರುವುದು ಆ ಕಡೆಯಿಂದಲೇ ಎಂದು ಹೇಳಬೇಕಾಯಿತು.

ಒಳಗಿನಿಂದ ಅವರ ಹೆಂಡತಿ ಕಾಫಿ ತಂದಿಟ್ಟರು. ಶಿವಲಿಂಗಯ್ಯನವರು ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಈಗಲಾದ್ರೂ ಬೊಡ್ಡೆ ತೆಗೆಸ್ತಾರೇನ್ರೀ? ಮಿಷನ್ ಹಾಕಿದ್ರೆ ಎಷ್ಟೊತ್ತಿನ ಕೆಲಸ. ಕೇಳಿ ಹೇಳಿ," ಎಂದರು. ಕೇಳಿ ಹೇಳುತ್ತೇನೆ ಎಂದೆ.

ಶನಿವಾರ ನಿಗಮದ ಕಚೇರಿಗೆ ಫೋನ್ ಮಾಡಿ ಕೇಳಿದೆ. ಬೊಡ್ಡೆಗೆ ಪೆಟ್ಟಾಗಬಾರದು, ನೀರು ನಿಲ್ಲದ ಹಾಗೆ ಓರೆಯಾಗಿ ಕಡಿಯಬೇಕು ಎಂದು ಗುತ್ತಿಗೆದಾರರಿಗೆ ಷರತ್ತು ಹಾಕಲಾಗಿದೆ, ಮುಂದಿನ ಬೆಳೆ ಅದರಿಂದಲೇ ಬರಬೇಕು ಎಂದರು. ಸೊಪ್ಪು, ಕಡ್ಡಿ ಒಯ್ಯಲು ಪುಟ್ಟಮ್ಮನ ಸಂಘ ಅನುಮತಿ ಕೇಳಿದೆ, ಕೊಡಲಾಗಿದೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಕಡಿತ ತೋಪಿನ ಅರ್ಧ ದಾಟಿದೆ. ಶಿವಲಿಂಗಯ್ಯನವರು ಎರಡು ಸಲ ಫೋನ್ ಮಾಡಿದ್ದಾರೆ. ನಾನು ಎತ್ತಿಲ್ಲ.