ಒಡೆಯದ ಚಿಪ್ಪು

ಶಾಲೆಯ ಗಂಟೆಯ ನಾಲಗೆ ಕಳಚಿ ಬಿದ್ದ ದಿನ ಮೇಷ್ಟ್ರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಲೇತ್ ಅಂಗಡಿಗೆ ಬಂದರು. ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಸುರುಳಿ ಸುರುಳಿಯಾಗಿ ಬಿದ್ದ ಹಿತ್ತಾಳೆಯ ಸಿಪ್ಪೆ, ನಡುವೆ ಲೇತಿನ ಮುಂದೆ ಬಾಗಿ ನಿಂತ ತೆಳ್ಳನೆಯ ಮನುಷ್ಯ.

"ಅಯ್ಯೋ, ಇದನ್ನ ಯಾಕೆ ತಂದ್ರಿ ಮೇಷ್ಟ್ರೇ? ಮಕ್ಕಳ ಶಾಪ ನನಗೆ ತಟ್ಟುತ್ತೆ" ಎಂದು ನಕ್ಕ ಅವನು, ಹೊಸ ಕೊಂಡಿ ಕಡೆದುಕೊಟ್ಟ. ಆಮೇಲೆ ಮೇಜಿನ ಮೇಲೆ ಒಂದು ಹಳೆಯ ನಾಣ್ಯವಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದ. ಒಂದಿದ್ದದ್ದು ಎರಡಾಯಿತು. ಮೇಷ್ಟ್ರು ಬಿಟ್ಟ ಬಾಯಿ ಮುಚ್ಚಲಿಲ್ಲ. ಗುಟ್ಟು ತಿಳಿಯುವ ತನಕ ಅವರು ಅಲ್ಲಿಂದ ಕದಲಲಿಲ್ಲ. ತಿಳಿದ ಮೇಲೂ ಸಂಜೆ ಸಂಜೆ ಬರುವುದನ್ನು ನಿಲ್ಲಿಸಲಿಲ್ಲ.

ಗಲ್ಲಿಯವರಿಗೆಲ್ಲ ಅವನು ಚಿಪ್ಪಣ್ಣ. ಜಾದೂಗಾರರಿಗೆ ಬೇಕಾದ ಟೊಳ್ಳು ನಾಣ್ಯ ಮಾಡುವುದು ಅವನ ಕಸುಬು. ಚಲಾವಣೆ ನಿಂತ ನಾಣ್ಯಗಳಲ್ಲಿ ಒಂದೇ ತರದ ಎರಡನ್ನು ಆರಿಸಿಕೊಳ್ಳುತ್ತಾನೆ. ಒಂದನ್ನು, ಮುಖಕ್ಕೆ ಗೀರು ಬೀಳದಂತೆ ಹಿತ್ತಾಳೆಯ ಹಿಡಿಕೆಯಲ್ಲಿ ಸಿಕ್ಕಿಸಿ, ಹಿಂಬದಿಯಿಂದ ಕೊರೆಯುತ್ತ ಹೋಗುತ್ತಾನೆ. ತಿರುಳೆಲ್ಲ ಹೋಗಿ ಮುಖ ಮತ್ತು ಅಂಚು ಮಾತ್ರ ಉಳಿಯಬೇಕು. ಎಷ್ಟು ತೆಳುವಾಯಿತೆಂಬುದು ಕಣ್ಣಿಗೆ ಕಾಣದು, ಕಿವಿಗೆ ಕೇಳುತ್ತದೆ. ಮೊದಲು ಗೊಣಗುವ ಲೋಹ ತೆಳುವಾದಂತೆಲ್ಲ ಸಣ್ಣಗೆ ಹಾಡತೊಡಗುತ್ತದೆ. ಹಾಡು ಕೀರಲಾಗುವ ಮೊದಲೇ ಕೈ ತೆಗೆಯಬೇಕು. ಆ ಚಿಪ್ಪನ್ನು ಕೆಂಪಗೆ ಕಾಯಿಸಿ, ಆರಿಸಿ, ಉಕ್ಕಿನ ಅಚ್ಚಿನ ಮೇಲೆ ಒತ್ತಿ ಅಂಚನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತಾನೆ. ಇನ್ನೊಂದು ನಾಣ್ಯದ ಅಂಚನ್ನು ತುಸು ಸವೆಸುತ್ತಾನೆ. ಅದರ ಮೇಲೆ ಇದು ಟೊಪ್ಪಿಗೆಯಂತೆ ಕೂತರೆ, ನೋಡುವವರಿಗೆ ಒಂದೇ ನಾಣ್ಯ.

ಈ ಕೆಲಸ ಅವನಿಗೆ ಅಂಟಿದ್ದು ಅಕ್ಕನ ದೆಸೆಯಿಂದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳು. ಊರೂರು ತಿರುಗುವ ಜಾದೂಗಾರನನ್ನು ಮದುವೆಯಾಗಿ ಹೊರಟುಹೋದಳು. ಹುಡುಕಿಕೊಂಡು ಹೋದ ತಮ್ಮನಿಗೆ ಡೇರೆ ಕಿತ್ತ ಗುಳಿಗಳು ಮಾತ್ರ ಸಿಗುತ್ತಿದ್ದವು. ಭಾವನಿಗೋ, ಕೆಲಸವಿಲ್ಲದೆ ನೆಂಟರ ಹೊಸ್ತಿಲು ತುಳಿದು ಗೊತ್ತಿಲ್ಲ. ಅದಕ್ಕೇ ಭಾವನ ಆಟಕ್ಕೆ ಬೇಕಾದ ಟೊಳ್ಳು ನಾಣ್ಯ ಮಾಡಿಕೊಡುವುದನ್ನು ತಮ್ಮ ಕಲಿತ. ಆ ಚಿಪ್ಪುಗಳು ಅಂಚಿನ ಒಳಮೂಲೆಯಲ್ಲಿ ಬಿರುಕು ಬಿಡುತ್ತಿದ್ದವು. ಬಿರುಕು ಬಿಟ್ಟಾಗಲೆಲ್ಲ ಗಂಡಹೆಂಡಿರು ಬಂದಿಳಿಯುತ್ತಿದ್ದರು. ಅಕ್ಕ ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತು, ತಮ್ಮನ ತಲೆಯಿಂದ ಹಿತ್ತಾಳೆಯ ಸಿಪ್ಪೆ ಹೆಕ್ಕುತ್ತ, "ಇದೇನು ತಲೆಯೋ, ಕಸದ ತೊಟ್ಟಿಯೋ?" ಎನ್ನುತ್ತಿದ್ದಳು. ಆ ಬೈಗುಳಕ್ಕಾಗಿ ಅವನು ತಿಂಗಳುಗಟ್ಟಲೆ ಕಾಯುತ್ತಿದ್ದ.

ಕೊನೆಯ ಸಲ ಭಾವ ಬಂದದ್ದು ಉರಿಮುಖ ಹೊತ್ತು. ತುಂಬಿದ ಆಟದಲ್ಲಿ ಚಿಪ್ಪು ಸೀಳಿ ಬಿದ್ದು ಜನ ಸಿಳ್ಳೆ ಹೊಡೆದಿದ್ದರಂತೆ.

"ಕೋಳಿಮೊಟ್ಟೆ ಇದಕ್ಕಿಂತ ಗಟ್ಟಿ! ಕೈಲಾಗದಿದ್ರೆ ಹೇಳ್ಬಿಡಪ್ಪ, ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಚಿಪ್ಪಣ್ಣನಿಗೆ ಮಾತು ನಾಟಿತು. ಊಟಕ್ಕೂ ಹೋಗದೆ ಲೇತಿನ ಮುಂದೆ ನಿಂತ. ಚಿಪ್ಪಿನ ಒಳಮೂಲೆಯನ್ನು ಎಂದಿನಂತೆ ಚೂಪಾಗಿ ಕಡೆಯದೆ, ತುಸು ದುಂಡಗೆ ಉಳಿಸಿದ. ಅದಕ್ಕೆ ಹೊಂದುವಂತೆ ಒಳನಾಣ್ಯದ ಅಂಚನ್ನೂ ದುಂಡಗೆ ಮಾಡಿದ. ಬಿರುಕು ಹುಟ್ಟುವ ಜಾಗವೇ ಇಲ್ಲವಾಯಿತು.

"ಅಷ್ಟೊಂದು ಗಟ್ಟಿ ಯಾಕೋ? ಯಾವಾಗ್ಲೂ ಮಾಡೋ ಹಾಗೇ ಮಾಡು, ಸಾಕು" ಎಂದಳು ಅಕ್ಕ, ಪಕ್ಕಕ್ಕೆ ಬಂದು, ಮೆಲ್ಲಗೆ.

"ಸುಮ್ನಿರಕ್ಕ. ಇವತ್ತು ಭಾವನ ಬಾಯಿ ಮುಚ್ಚಿಸ್ತೀನಿ."

ಚಿಪ್ಪನ್ನು ಕಲ್ಲುನೆಲಕ್ಕೆ ಎತ್ತಿ ಎಸೆದ. ಅದು ಠಣ್ಣೆಂದು ಪುಟಿದು ಮೇಜಿನ ಕೆಳಗೆ ಉರುಳಿತು. ಭಾವ ಹಿಗ್ಗಿ ಅವನ ಬೆನ್ನು ತಟ್ಟಿದ. ಅಕ್ಕ ಮಾತ್ರ ಚೀಲ ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಪ್ರಯಾಣದ ಆಯಾಸವೆಂದುಕೊಂಡ ಅವನು.

ಆಮೇಲೆ ಅವರು ಬರಲಿಲ್ಲ. ವರ್ಷಗಳು ಉರುಳಿದವು. ಎಂದಾದರೊಮ್ಮೆ ಪಕ್ಕದ ಸೈಕಲ್ ಅಂಗಡಿಯ ಫೋನಿಗೆ ಅಕ್ಕನ ಕರೆ ಬರುತ್ತಿತ್ತು.

"ಬಿರುಕು ಬಿಡ್ತಾ ಅಕ್ಕ?" ಎಂದು ಕೇಳಿದ ಅವನು ಒಮ್ಮೆ.

"ಎಲ್ಲಿಂದ ಬಿಡುತ್ತೋ? ಗುಂಡುಕಲ್ಲಿನ ಹಾಗಿದೆ. ನಿಮ್ಮ ಭಾವ ಹೋದಲ್ಲೆಲ್ಲ ನಿನ್ನನ್ನ ಹೊಗಳಿದ್ದೇ ಹೊಗಳಿದ್ದು. ಈ ಕಡೆ ಬರೋಣ ಅಂದ್ರೆ, ಏನು ಕೆಲಸ ಇದೆ ಅಲ್ಲಿ ಅಂತಾರೆ."

"ಕಲ್ಲಿಗೆ ಕುಟ್ಟಿ ಒಡೆದುಹಾಕು!"



"ಒಂದು ದಿನ ಸುತ್ತಿಗೆ ಎತ್ತಿದ್ದೆ ಕಣೋ. ನೀನು ಮಾಡಿದ್ದು... ಕೈ ಬರಲಿಲ್ಲ."

ಅಂದು ಅಕ್ಕ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ್ದು ಏನೆಂದು ಅವನಿಗೆ ಅರ್ಥವಾದದ್ದು ಆಗ. ಫೋನು ಇಟ್ಟವನು ನೇರ ಬಂದು ಲೇತಿನ ಮುಂದೆ ನಿಂತ.

ಈಗ ಊರಾಚೆ ಬೀಡುಬಿಟ್ಟಿರುವ ಸರ್ಕಸ್ಸು ಮುಂದೆ ಭಾವನಿರುವ ಊರಿಗೇ ಹೋಗಲಿದೆ. ಅದರ ಬಫೂನು ಚಿಪ್ಪಣ್ಣನ ಹಳೆಯ ಗೆಳೆಯ. ಅವನ ಕೈಯಲ್ಲಿ ಭಾವನಿಗೆ ಕಾಣಿಕೆಯಾಗಿ ಹೊಸದೊಂದು ಜೋಡಿ ಕಳಿಸಬೇಕು: ಹಳೆಯದನ್ನು ಮೂಲೆಗೆ ಎಸೆಯುವಷ್ಟು ಚೆಲುವಾದದ್ದು, ಒಳಮೂಲೆ ಚೂಪಾಗಿ ಇರುವಂಥದ್ದು, ಬೇಗ ಬಿರಿಯುವಂಥದ್ದು.

ಆದರೆ ಕೈ ಮಾತು ಕೇಳುತ್ತಿಲ್ಲ. ಉಳಿ ಮೂಲೆಗೆ ಬರುತ್ತಲೇ ಮಣಿಕಟ್ಟು ತಾನಾಗಿ ಹೊರಳಿ ದುಂಡು ತಿದ್ದಿಬಿಡುತ್ತದೆ. ಹಾಗೆ ಹಾಳಾದ, ಎಂದೂ ಒಡೆಯದ ಚಿಪ್ಪುಗಳು ತಟ್ಟೆಯ ತುಂಬ ಬಿದ್ದಿವೆ.

"ಇಷ್ಟು ಒಳ್ಳೇದನ್ನೆಲ್ಲ ಬಿಸಾಕ್ತೀಯಲ್ಲಯ್ಯ!" ಎನ್ನುತ್ತಾರೆ ಮೇಷ್ಟ್ರು, ಒಂದನ್ನು ಬೆಳಕಿಗೆ ಹಿಡಿದು.

"ಕೆಟ್ಟದ್ದು ಮಾಡೋದು ಎಷ್ಟು ಕಷ್ಟ ಗೊತ್ತಾ ಮೇಷ್ಟ್ರೇ? ಸರ್ಕಸ್ಸು ಹೊರಡೋದ್ರೊಳಗೆ ಕಲಿತ್ಕೋಬೇಕು."

ಮೇಷ್ಟ್ರು ನಿಂತೇ ಇರುತ್ತಾರೆ. ಎಣ್ಣೆ ಡಬ್ಬವನ್ನು ಅವನು ಒರೆಸಿ ಬೋರಲು ಹಾಕಿಟ್ಟಿದ್ದಾನೆ, ಅದರ ಮೇಲೆ ಅವರು ಕೂರುವುದಿಲ್ಲ. ಅವನು ಇನ್ನೊಂದು ನಾಣ್ಯವನ್ನು ಹಿಡಿಕೆಗೆ ಸಿಕ್ಕಿಸಿ, ಲೇತು ತಿರುಗಿಸಿ, ಕಿವಿಗೊಟ್ಟು ಬಾಗುತ್ತಾನೆ.