ನಿಂತು ನುಡಿಸಿದ ಹಾಲಸಿದ್ದಪ್ಪ

ಹಾಲಸಿದ್ದಪ್ಪನವರಿಗೆ ಈಗ ಅರವತ್ತೆರಡು. ಗೋಕಾಕದ ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ, ರೈಲ್ವೆಯಲ್ಲಿದ್ದ ಅಣ್ಣನ ಹತ್ತಿರ ಇರಲೆಂದು ಮದ್ರಾಸಿಗೆ ಬಂದರು. ಪಕ್ಕದ ಕ್ವಾರ್ಟರ್ಸಿನವರೊಬ್ಬರಿಂದ ಗಿಟಾರ್ ಕಲಿತು, ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ಬೇಸ್ ಗಿಟಾರ್ ನುಡಿಸುವ ಕೆಲಸ ಹಿಡಿದರು. ನಾಲ್ಕೇ ದಪ್ಪ ತಂತಿಗಳ ವಾದ್ಯ ಅದು. ಕೇಳುವವರ ಕಿವಿಗೆ ಅದು ಬೇರೆಯಾಗಿ ಬೀಳುವುದಿಲ್ಲ, ಎದೆಗೆ ಮಾತ್ರ ತಟ್ಟುತ್ತದೆ. ಇಪ್ಪತ್ತೈದು ವರ್ಷ ಕುರ್ಚಿಯ ಮೇಲೆ ಕೂತು, ಎದುರಿಗಿಟ್ಟ ಸ್ವರದ ಹಾಳೆ ನೋಡಿಕೊಂಡು ನುಡಿಸಿದರು. ಆಮೇಲೆ ಆ ಕೆಲಸಕ್ಕೆ ಕಂಪ್ಯೂಟರ್ ಬಂತು. ಇವರು ಮಾಧವರಂನ ಮನೆಯಲ್ಲಿ ಗಿಟಾರ್ ರಿಪೇರಿ ಮಾಡಿಕೊಂಡು ಉಳಿದರು.

ಕಳೆದ ವರ್ಷ ಜೂನ್‌ನಲ್ಲಿ ಶಿವರಂಜನ್ ಎಂಬ ಬ್ಯಾಂಕ್ ಉದ್ಯೋಗಿ ಕತ್ತು ಬಾಗಿದ ಗಿಟಾರೊಂದನ್ನು ತಂದ. ರಿಪೇರಿ ಮುಗಿಯುವವರೆಗೆ ಸುಮ್ಮನೆ ಕೂರಲಾರದೆ, ಫೋನಿನಲ್ಲಿ ತಮ್ಮ ಬ್ಯಾಂಡಿನ ಹಾಡು ಹಾಕಿದ. ಬ್ಯಾಂಡಿನ ಹೆಸರು 'ಭಾನುವಾರ ರಜೆ'. ಹಾಡುವವಳು ಸಂಗೀತಾ, ಡ್ರಮ್ಸ್ ಬಾರಿಸುವವನು ರೈಲ್ವೆಯ ಅನಿಲ್. ಮೂವರೂ ಮದ್ರಾಸಿನಲ್ಲೇ ಬೆಳೆದ ಕನ್ನಡದವರು. ಸಂಗೀತಾಳ ಅಪ್ಪನಿಗೆ ಸೌಕಾರ್‌ಪೇಟೆಯಲ್ಲಿ ಸೀರೆಯ ಹೋಲ್‌ಸೇಲ್ ಅಂಗಡಿ. ಅಂಗಡಿಗೆ ರಜೆಯಿರುವ ಭಾನುವಾರ ಮಹಡಿಯ ಗೋಡೌನಿನಲ್ಲಿ ಅಭ್ಯಾಸ. ಸುತ್ತ ಪೇರಿಸಿದ ಸೀರೆಗಂಟುಗಳು ಸದ್ದನ್ನೆಲ್ಲ ನುಂಗಿಬಿಡುತ್ತವೆ, ಬೀದಿಗೆ ಏನೂ ಕೇಳುವುದಿಲ್ಲ.

ಹಾಲಸಿದ್ದಪ್ಪ ಹಾಡನ್ನು ಎರಡು ಸಲ ಕೇಳಿದರು.

"ಹುಡುಗಿ ದನಿ ಬೆಂಕಿ ಐತಿ. ಆದ್ರ ಇದರಾಗ ತಳಾನ ಇಲ್ಲಲ್ಲೋ ತಮ್ಮಾ."

"ಬೇಸ್ ನುಡಿಸೋರು ಯಾರೂ ಸೆಟ್ ಆಗ್ಲಿಲ್ಲ ಅಂಕಲ್. ನೀವೇ ವಾಂಗಳೇನ್," ಎಂದು ಶಿವರಂಜನ್ ಕನ್ನಡಕ್ಕೆ ತಮಿಳು ಸೇರಿಸಿ ಕರೆದ.

ಇವರು ಹಿಂದೆಮುಂದೆ ನೋಡಿದರು. ಹೆಂಡತಿ ಸುವರ್ಣಮ್ಮ ಒಳಗಿನಿಂದಲೇ ಹೇಳಿದರು, "ಹೋಗ್ರಿ. ಮನ್ಯಾಗ ಕುಂತು ಏನ್ ಮಾಡ್ತೀರಿ?"

ಆ ಭಾನುವಾರ ಗೋಡೌನಿಗೆ ಹೋದವರೇ ಸ್ವರದ ಹಾಳೆ ಕೇಳಿದರು. ಸಂಗೀತಾ ನಕ್ಕಳು.

"ಪೇಪರ್ ಎಲ್ಲಾಂ ಇಲ್ಲೈ ಕಾಕಾ. ನಾ ಹಾಡ್ತೀನಿ, ನೀವು ಸುಮ್ಮಾ ಕೇಳ್ಕೊಂಡು ಬಾರ್ಸಿ."

ಮೊದಲ ಸಲ ದಾರಿ ತಪ್ಪಿದರು. ಎರಡನೇ ಸಲ ಬೇರೆಲ್ಲ ಬಿಟ್ಟು, ಅನಿಲ್ ಕಾಲಿನಿಂದ ಒತ್ತುವ ದೊಡ್ಡ ಡ್ರಮ್ಮಿನ ಏಟನ್ನಷ್ಟೇ ಹಿಡಿದರು. ಏಟು ಬಿದ್ದಲ್ಲೆಲ್ಲ ದಪ್ಪ ತಂತಿ ಗುಮ್ಮೆಂದಿತು. ಮೇಲೆ ಶಿವರಂಜನ್‌ನ ಗಿಟಾರ್ ಕಬ್ಬಿಣ ಉಜ್ಜಿದಂತೆ ಕರಕರ ಅನ್ನುತ್ತಿತ್ತು. ಅದನ್ನು ಸೀಳಿಕೊಂಡು, ತನ್ನ ಅಜ್ಜಿ ಹೇಳುತ್ತಿದ್ದ ಬೀಸುವ ಪದಗಳ ಎಳೆತದಲ್ಲಿ ಸಂಗೀತಾ ಲೋಕಲ್ ಟ್ರೇನಿನ ಬಗ್ಗೆ ಕಟ್ಟಿದ ಹಾಡು ಹೇಳಿದಳು, ಅರ್ಧ ತಮಿಳು, ಅರ್ಧ ಕನ್ನಡ. ಮಹಡಿಯ ಹಲಗೆ ನಡುಗಿತು. ಹಾಡು ಮುಗಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡರು. ಇದನ್ನು ನನಗೆ ಹೇಳುವಾಗಲೂ ಹಾಲಸಿದ್ದಪ್ಪನವರ ಬೆರಳುಗಳು ಮೇಜಿನ ಮೇಲೆ ಕುಣಿಯುತ್ತಿದ್ದವು.

ಡಿಸೆಂಬರಿನಲ್ಲಿ ವಡಪಳನಿಯ ಸಣ್ಣ ಹಾಲ್‌ನಲ್ಲಿ ಮೊದಲ ಕಾರ್ಯಕ್ರಮ. ನೂರಿಪ್ಪತ್ತು ಜನ. ಹಾಲಸಿದ್ದಪ್ಪ ಕುರ್ಚಿ ಹುಡುಕಿದರು.

"ರಾಕ್ ಬ್ಯಾಂಡ್ ಸಾರ್ ಇದು, ನಿಂತ್ಕೋಬೇಕು," ಎಂದ ಅನಿಲ್.

ನಿಂತರು, ಆದರೆ ಜನರಿಗೆ ಬೆನ್ನು ಹಾಕಿ. ಕೇಳುವವರನ್ನು ಎದುರಿಗಿಟ್ಟುಕೊಂಡು ಅವರು ಯಾವತ್ತೂ ನುಡಿಸಿರಲಿಲ್ಲ.

ಮೂರನೇ ಹಾಡಿನ ನಡುವೆ ಶಿವರಂಜನ್‌ನ ಆಂಪ್ಲಿಫೈಯರ್ ಸತ್ತುಹೋಯಿತು. ಸ್ಟುಡಿಯೋದಲ್ಲಾದರೆ ಎಲ್ಲರೂ ನಿಲ್ಲಿಸಿ ಇನ್ನೊಂದು ಟೇಕ್ ತೆಗೆದುಕೊಳ್ಳಬಹುದಿತ್ತು. ಇವರ ಬೆರಳು ನಿಲ್ಲಲಿಲ್ಲ. ಅನಿಲ್‌ಗೆ ಅರ್ಥವಾಯಿತು, ಅವನೂ ಬಿಡಲಿಲ್ಲ. ಬರೀ ಬೇಸ್, ಬರೀ ಡ್ರಮ್ಸ್. ಸಂಗೀತಾ ಕೊನೆಯ ಸಾಲನ್ನೇ ಮತ್ತೆ ಮತ್ತೆ ತಿರುಗಿಸಿದಳು. ಅಷ್ಟರಲ್ಲಿ ಹಿಂದಿನಿಂದ ಒಂದೇ ಲಯದಲ್ಲಿ ಚಪ್ಪಾಳೆ ಎದ್ದಿತು. ಎಲ್ಲಿಂದ ಬಂತೆಂದು ನೋಡಲು ಹಾಲಸಿದ್ದಪ್ಪ ತಿರುಗಿದರು. ಇಡೀ ಹಾಲ್ ಅವರನ್ನೇ ನೋಡುತ್ತಿತ್ತು. ಒಂದೊಂದೇ ಹೆಜ್ಜೆ ಇಟ್ಟು ವೇದಿಕೆಯ ಅಂಚಿಗೆ ಬಂದರು. ಆಂಪ್ಲಿಫೈಯರ್ ಸರಿಯಾಗಿ ಗಿಟಾರ್ ಒಳನುಗ್ಗಿದಾಗ ಜನ ಎದ್ದು ನಿಂತು ಕೂಗಿದರು.

ಸುವರ್ಣಮ್ಮನೂ ನೋಡಲು ಬಂದಿದ್ದರು. ಹೊರಗೆ ಬಂದ ಮೇಲೆ ಹೇಳಿದರು, "ಲಗ್ನಾಗಿ ಮೂವತ್ತೈದ ವರ್ಷಾತು. ನೀವು ಬಾರಸೂದ ನಾ ಕಣ್ಣಾರೆ ನೋಡಿದ್ದು ಇವತ್ತ."

ಅದಾದ ಮೇಲೆ ಐದು ಕಾರ್ಯಕ್ರಮಗಳಾಗಿವೆ. ಹಾಡು ಕಟ್ಟುವ ಹುಚ್ಚೂ ಈಗ ಹತ್ತಿದೆ. ಮೊನ್ನೆ ಬೆಳಿಗ್ಗೆ ಆರಕ್ಕೇ ಶಿವರಂಜನ್‌ಗೆ ಫೋನ್ ಮಾಡಿದರಂತೆ.

"ಹೊಸಾದೊಂದು ಹೊಳದೈತಿ. ಫೋನ್ ಇಡಬ್ಯಾಡ, ಕೇಳು," ಎಂದು ಬಾಯಲ್ಲೇ ಗುಂಯ್‌ಗುಡತೊಡಗಿದರು.