ಮಳೆಗೆ ಬಿಟ್ಟ ಐದು ಸಾವಿರ

ಮಾಲ್ಡೀವ್ಸ್‌ನಲ್ಲಿ ಐದು ದಿನ, ಇಬ್ಬರಿಗೆ, ಎರಡು ಲಕ್ಷ ಹತ್ತು ಸಾವಿರ. ಅದರಲ್ಲಿ ಅರವತ್ತು ಸಾವಿರ ನನ್ನ ಜಾಣತನಕ್ಕೆ ಬಿದ್ದ ದಂಡ. ಮೊದಲು ಒಂದೂವರೆ ಲಕ್ಷಕ್ಕೇ ಮುಗಿಸಿದ್ದೆ.

ಸಿಂದಗಿಯಲ್ಲಿ ನನ್ನದು ಹನಿ ನೀರಾವರಿ ಪೈಪಿನ ಅಂಗಡಿ. ಇಂಡಿ ತಾಲ್ಲೂಕಿನ ಲಿಂಬೆ ತೋಟಗಳಿಗೆ ಸೈಕಲ್ ಮೇಲೆ ಪೈಪಿನ ಸುರುಳಿ ಹೇರಿಕೊಂಡು ಹೋಗಿ ಮಾರುತ್ತ ಮೇಲೆ ಬಂದವನು. ಬೇಸಿಗೆ ಮುಗಿಯುವ ತನಕ ಪುರಸೊತ್ತಿಲ್ಲ, ಮಳೆ ಹಿಡಿದರೆ ಗಿರಾಕಿ ಇಲ್ಲ. ಹಾಗಾಗಿ ಪ್ರವಾಸಕ್ಕೆ ಜುಲೈ ಆರಿಸಿದೆ. ವಿಜಯಪುರದ ಟ್ರಾವೆಲ್ಸ್‌ನವನು ಏನನ್ನೂ ಮುಚ್ಚಿಡಲಿಲ್ಲ.

“ಜುಲೈದಾಗ ಅಲ್ಲಿ ಮಳಿ ಇರ್ತೈತ್ರಿ, ಅದಕ್ಕ ರೇಟು ಕಡಿಮಿ,” ಅಂದ.

ಮಳೆ ಒಂದು ಕುಂದು ಅಂತ ನಮ್ಮ ಕಡೆಯವನಿಗೆ ಹೊಳೆಯುವುದಾದರೂ ಹೇಗೆ? ಮಳೆಯೂ ಸಿಗುತ್ತದೆ, ದುಡ್ಡೂ ಉಳಿಯುತ್ತದೆ ಅಂತ ಒಳಗೊಳಗೇ ಹಿಗ್ಗಿದೆ. ಮುಖ ಮಾತ್ರ ಸಪ್ಪಗೆ ಮಾಡಿಕೊಂಡೆ. “ಮಳಿ ಅಂದ್ರ ಹೊರಗ ತಿರುಗಾಡಾಕ ಆಗಂಗಿಲ್ಲ. ಇನ್ನ ಐದು ಸಾವಿರ ಬಿಡ್ರಿ.” ಬಿಟ್ಟ.

ನನ್ನ ಹೆಂಡತಿಯ ಆಸೆ ಒಂದೇ. ಇಂಗಳೇಶ್ವರದ ತವರಿನ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಮದುವೆಯಾದ ಮೇಲೆ ಇಪ್ಪತ್ತೆಂಟು ವರ್ಷ ನೀರಿಗಿಳಿದಿಲ್ಲ. ಆ ಬಾವಿಯ ತಳ ಅವಳಿಗೆ ಎಂದೂ ಕಂಡಿರಲಿಲ್ಲವಂತೆ. ತಳ ಕಾಣುವ ನೀರಿನಲ್ಲಿ, ಕೆಳಗೆ ಮೀನು ಓಡಾಡುವಾಗ ಈಜಬೇಕು ಅಂತ, ಮಾಲ್ಡೀವ್ಸ್‌ನ ಸಮುದ್ರವನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ಹೇಳುತ್ತಿದ್ದಳು. ಈಜಲಿಕ್ಕೆ ಅಂತ ಪೂರ್ತಿ ತೋಳಿನ ನೈಲಾನ್ ಚೂಡಿದಾರ ಹೊಲಿಯಲು ಕೊಟ್ಟಾಗ, ಹೊಲಿಯುವ ಹೆಣ್ಣುಮಗಳು, “ಇದಕ್ಕ ಕಿಸೆ ಇಡ್ಲೇನ್ರಿ ಅಕ್ಕಾರ?” ಅಂತ ನಕ್ಕಳಂತೆ.

“ಇಡವಾ, ನಿನಗೊಂದು ಮೀನ ತರ್ತೇನಿ,” ಅಂದಳಂತೆ ಇವಳು.

ಮುಂಗಡ ಕಟ್ಟಿದ ಮುಂದಿನ ವಾರ ಕಾರ್ಯಕ್ರಮದ ಪಟ್ಟಿ ಬಂತು. ಅವಳೇ ಓದಿದಳು. ಸಮುದ್ರಕ್ಕೆ ಇಳಿಯುವ ಮಾತು ಬಂದಲ್ಲೆಲ್ಲ ‘ಹವಾಮಾನ ನೋಡಿಕೊಂಡು’ ಅಂತಿತ್ತು. ಫೋನ್ ಹಚ್ಚಿ ಕೇಳಿದರೆ, ಗಾಳಿ ಜೋರಾದರೆ ಬೋಟು ಬಿಡುವುದಿಲ್ಲ, ನೀರೂ ಕದಡಿರುತ್ತದೆ ಅಂದ ಟ್ರಾವೆಲ್ಸ್‌ನವನು.

“ಐದು ದಿನದಾಗ ಒಂದು ದಿನರ ಸಿಕ್ಕೇ ಸಿಗತೈತಿ,” ಅಂದೆ ಹೆಂಡತಿಗೆ.

“ಸಿಗ್ಲಿಲ್ಲಂದ್ರ?”

“ಮಳಿ ನೋಡೂಣು.”

“ಮಳಿ ನೋಡಾಕ ವಿಮಾನ ಯಾಕ್ರಿ? ಮಾಳಗಿ ಮ್ಯಾಲೆ ಕುರ್ಚಿ ಹಾಕ್ಕೊಂಡು ಕುಂಡ್ರೂಣು. ಚಾ ನಾನ ಮಾಡ್ತೇನಿ.”

ಅಲ್ಲಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮುದ್ದೇಬಿಹಾಳಕ್ಕೆ ಮಾಲು ಮುಟ್ಟಿಸಲು ಹೊರಟವನು ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತು ಮೊಬೈಲಿನಲ್ಲಿ ಆ ದ್ವೀಪದ ಗಾಳಿ ನೋಡಿದೆ, ಮುದ್ದೇಬಿಹಾಳ ಮುಟ್ಟಿ ಮತ್ತೆ ನೋಡಿದೆ. ಏಪ್ರಿಲ್‌ನಲ್ಲಿ ಜುಲೈ ತಿಂಗಳ ಗಾಳಿ ಕಾಣುತ್ತದೆಯೇ? ಸಂಜೆ ಮನೆಗೆ ಬಂದರೆ ಚೂಡಿದಾರ ಅಲಮಾರಿಯ ತಳ ಸೇರಿತ್ತು. ಕೇಳಿದ್ದಕ್ಕೆ “ಇರ್ಲಿ ಬಿಡ್ರಿ” ಅಂದಳು, ಅಷ್ಟೇ. ಜಗಳ ತೆಗೆದಿದ್ದರೆ ಚೌಕಾಶಿ ಮಾಡಬಹುದಿತ್ತು.

ಮರುದಿನ ತಾರೀಖು, ಅಲ್ಲಿ ಗಾಳಿ ತಗ್ಗಿ ನೀರು ತಿಳಿಯಾಗಿರುವ ಫೆಬ್ರುವರಿಗೆ ಬದಲಿಸಿದೆ. ತಾರೀಖು ಬದಲಿಸಿದ್ದಕ್ಕೆ ಕಡಿತ, ಮೇಲೆ ಸೀಸನ್ ರೇಟು, ಎರಡೂ ಕೂಡಿ ಆ ಅರವತ್ತು ಸಾವಿರ. ಪೈಪು ಭರ್ಜರಿ ಹೋಗುವ ತಿಂಗಳಲ್ಲಿ ಒಂದು ವಾರ ಶಟರ್ ಎಳೆಯುವ ನಷ್ಟ ಬೇರೆ. ಫೆಬ್ರುವರಿ ಇನ್ನೂ ದೂರ ಇದೆ, ನಾನು ಮಾತ್ರ ದಿನಕ್ಕೆ ಎರಡು ಸಲ ಗಾಳಿ ನೋಡುವುದು ಬಿಟ್ಟಿಲ್ಲ.

ನೀವು ಹೋಗುವವರಿದ್ದರೆ, ಜೊತೆಗೆ ಬರುವವರು ಅಲ್ಲಿ ಏನು ಮಾಡಬೇಕಂತಿದ್ದಾರೆ ಅಂತ ಮೊದಲು ಕೇಳಿರಿ. ಅದು ಯಾವ ತಿಂಗಳಲ್ಲಿ ಆಗುತ್ತದೆ ಅಂತ ಟ್ರಾವೆಲ್ಸ್‌ನವರನ್ನು ಕೇಳಿರಿ. ತಾರೀಖು ಬದಲಿಸಿದರೆ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನು ಮುಂಗಡ ಕಟ್ಟುವ ಮೊದಲೇ ಬರೆಸಿಕೊಳ್ಳಿರಿ. ರೇಟಿನ ಮಾತು ಆಮೇಲೆ ತೆಗೆಯಿರಿ. ತೆಗೆದ ಮೇಲೆ ಬಿಡಬೇಡಿರಿ.